ಗಣಪತಿ ಹಬ್ಬದಿಂದ ದೀಪಾವಳಿಗೆ: ಬೆಟ್ಟ ಇಳಿಯಲು ಮಂಡಿಯನ್ನು ತಯಾರು ಮಾಡುವುದು ಹೇಗೆ

ದೀಪಾವಳಿ ಮುಗಿದ ವಾರ ಚಿಕ್ಕಮಗಳೂರಿನ ನನ್ನ ಕ್ಲಿನಿಕ್ಕಿನ ಮೆಟ್ಟಿಲ ಹತ್ತಿರ ನಿಂತರೆ ಸಾಕು, ನರಕ ಚತುರ್ದಶಿಗೆ ಭಕ್ತರು ಹತ್ತುವ ಬಿಂಡಿಗದ ದೇವಿರಮ್ಮನ ಬೆಟ್ಟಕ್ಕೆ ಯಾರು ಯಾರು ಹೋಗಿ ಬಂದಿದ್ದಾರೆ ಅಂತ ಗೊತ್ತಾಗುತ್ತದೆ. ಮೆಟ್ಟಿಲು ಹತ್ತಿ ಬರುವಾಗ ಹೇಗೋ ಬರುತ್ತಾರೆ. ಹೋಗುವಾಗ ಕಂಬಿ ಹಿಡಿದು, ಅಡ್ಡ ತಿರುಗಿ, ಒಂದೊಂದೇ ಮೆಟ್ಟಿಲು ಇಳಿಯುತ್ತಾರೆ. "ಹತ್ತೋವಾಗ ಏನೂ ಆಗ್ಲಿಲ್ಲ ಮೇಡಂ, ಇಳಿಯೋವಾಗ ಮಂಡಿ ಕೈ ಕೊಡ್ತು" ಅನ್ನುತ್ತಾರೆ.

ಅವರು ಹೇಳುವುದು ನಿಜ. ಹತ್ತುವಾಗ ಏದುಸಿರು ಬರುತ್ತದೆ, ಆ ಕೆಲಸ ಎದೆಯದ್ದು. ಇಳಿಯುವಾಗ ಉಸಿರು ಆರಾಮಾಗಿರುತ್ತದೆ, ಪೂರ್ತಿ ಕೆಲಸ ತೊಡೆಯ ಮೇಲೆ ಬೀಳುತ್ತದೆ. ಬಾವಿಯಿಂದ ಕೊಡ ಎಳೆಯುವಾಗ ಹಗ್ಗ ಬಿಗಿ ಹಿಡಿಯುತ್ತೀರಿ. ತುಂಬಿದ ಕೊಡವನ್ನು ನಿಧಾನವಾಗಿ ಕೆಳಗೆ ಬಿಡುವಾಗಲೂ ಹಗ್ಗ ಹಿಡಿದೇ ಇರಬೇಕು ಅಲ್ವಾ? ಕೈ ಸೋತರೆ ಕೊಡ ಧಡ್ ಅಂತ ಬೀಳುತ್ತದೆ. ಇಳಿಜಾರಿನಲ್ಲಿ ತೊಡೆಯ ಮುಂದಿನ ಸ್ನಾಯು ಮಾಡುವುದು ಇದನ್ನೇ. ಉದ್ದವಾಗುತ್ತಾ ಹೋಗುವಾಗಲೂ ಬಿಗಿ ಬಿಡದೆ, ಮೈಭಾರವನ್ನು ನಿಧಾನವಾಗಿ ಕೆಳಗಿಳಿಸುತ್ತದೆ. ಅದು ಸೋತಾಗ ಭಾರ ಧಡ್ ಅಂತ ಮಂಡಿಗೆ ಬೀಳುತ್ತದೆ.

ಹಾಗಾಗಿ ಮಂಡಿ ನೋವಿನವರಿಗೆ ನಾನು ತೊಡೆಯ ಕೆಲಸ ಹೇಳಿಕೊಡುತ್ತೇನೆ. ಗಣಪತಿ ಹಬ್ಬದಿಂದ ನರಕ ಚತುರ್ದಶಿಗೆ ಸುಮಾರು ಎಂಟು ವಾರ ಇರುತ್ತದೆ. ತೊಡೆಗೆ ಬಲ ಬರಲು ಅಷ್ಟು ಸಮಯ ಸಾಕು. ದೇವಿರಮ್ಮನ ಬೆಟ್ಟಕ್ಕೇ ಅಂತಿಲ್ಲ. ಮುಳ್ಳಯ್ಯನಗಿರಿಗೆ ಹೋಗುವವರು, ಶ್ರವಣಬೆಳಗೊಳದ ವಿಂಧ್ಯಗಿರಿ ಹತ್ತುವವರು, ದಿನಾ ತೋಟದ ಇಳಿಜಾರಿನಲ್ಲಿ ಓಡಾಡುವವರು, ಎಲ್ಲರಿಗೂ ಇದೇ ದಾರಿ.

ಮೊದಲ ಹೆಜ್ಜೆ: ಮಂಡಿಯನ್ನು ಬೆರಳಿನಿಂದ ಹುಡುಕಿ

ಗೋಡೆಗೆ ಒರಗಿ ಚಾಪೆಯ ಮೇಲೆ ಕಾಲು ನೀಡಿ ಕೂತುಕೊಳ್ಳಿ. ತೊಡೆಯನ್ನು ಪೂರ್ತಿ ಸಡಿಲ ಬಿಡಿ. ಮಂಡಿಯ ಚಿಪ್ಪನ್ನು ಎರಡು ಬೆರಳಲ್ಲಿ ಹಿಡಿದು ಆ ಕಡೆ ಈ ಕಡೆ ಮೆಲ್ಲಗೆ ಸರಿಸಿ. ಅಲ್ಲಾಡುತ್ತದೆ. ಮೊದಲ ಸಲ ನೋಡಿದವರು ಗಾಬರಿಯಾಗುತ್ತಾರೆ, ಆದರೆ ಅದು ಹಾಗೇ ಇರಬೇಕು. ಈಗ ತೊಡೆ ಬಿಗಿ ಮಾಡಿ. ಚಿಪ್ಪು ಸ್ವಲ್ಪ ಮೇಲಕ್ಕೆ ಸರಿದು ಗಟ್ಟಿಯಾಗಿ ನಿಂತುಬಿಡುತ್ತದೆ.

ಈ ಚಿಪ್ಪು ಬೇರೆ ಮೂಳೆಗೆ ಅಂಟಿಕೊಂಡಿಲ್ಲ. ತೊಡೆಯ ಮುಂದಿನ ನಾಲ್ಕು ಸ್ನಾಯುಗಳು ಕೆಳಗೆ ಬಂದು ಒಂದೇ ಹುರಿಯಾಗುತ್ತವೆ. ಆ ಹುರಿಯೊಳಗೆ ಕೂತಿರುವ ಮೂಳೆ ಇದು. ನಮ್ಮ ಮೈಯಲ್ಲಿ ಹುರಿಯೊಳಗೆ ಕೂತಿರುವ ಮೂಳೆಗಳಲ್ಲಿ ಇದೇ ದೊಡ್ಡದು. ತೊಡೆಮೂಳೆಯ ತುದಿಯಲ್ಲಿ ಒಂದು ಕಾಲುವೆ ಇದೆ. ಮಂಡಿ ಮಡಚಿದಾಗ, ಬಿಡಿಸಿದಾಗ ಚಿಪ್ಪು ಆ ಕಾಲುವೆಯಲ್ಲಿ ಜಾರುತ್ತದೆ. ಬಾವಿಯ ರಾಟೆ ಹಗ್ಗಕ್ಕೆ ಹೇಗೆ ನೆರವಾಗುತ್ತದೋ ಹಾಗೆ ಚಿಪ್ಪು ತೊಡೆಯ ಸ್ನಾಯುವಿಗೆ ನೆರವಾಗುತ್ತದೆ.

ಚಿಪ್ಪಿನ ಕೆಳತುದಿಯಿಂದ ಬೆರಳು ಕೆಳಗೆ ಎಳೆಯಿರಿ. ಗಟ್ಟಿ ಪಟ್ಟಿ ಸಿಗುತ್ತದೆ. ಅದು ಮುಗಿಯುವ ಕಡೆ ಕಣಕಾಲಿನ ಮೂಳೆಯ ಮೇಲೆ ಒಂದು ಉಬ್ಬು ಇದೆ. ತೊಡೆಯ ಅಷ್ಟೂ ಬಲ ಈ ಉಬ್ಬನ್ನು ಹಿಡಿದು ಕಾಲನ್ನು ಎಳೆಯುತ್ತದೆ. ಓಡಿ ಆಡುವ 12–14 ವಯಸ್ಸಿನ ಮಕ್ಕಳಲ್ಲಿ ಕೆಲವರಿಗೆ ಇದೇ ಉಬ್ಬು ಊದಿ ನೋಯುವುದುಂಟು.

ಇನ್ನು ಕುರ್ಚಿಯಲ್ಲಿ ಕೂತು ಮಂಡಿ ಮಡಚಿ. ಆ ಪಟ್ಟಿಯ ಎರಡೂ ಪಕ್ಕ ಮೆತ್ತಗಿನ ಗುಂಡಿ ಸಿಗುತ್ತದೆ. ಹೆಬ್ಬೆರಳು ಅಲ್ಲಿಟ್ಟು ಒಳಪಕ್ಕಕ್ಕೆ ಸರಿಸುತ್ತಾ ಹೋಗಿ. ಮೇಲೊಂದು ಮೂಳೆ, ಕೆಳಗೊಂದು ಮೂಳೆ, ನಡುವೆ ಸಣ್ಣ ಗೀರು. ತೊಡೆಮೂಳೆ ಮತ್ತು ಕಣಕಾಲಿನ ಮೂಳೆ ಸೇರುವ ಜಾಗ ಇದು. ಒಳಗೆ ಎರಡು ಅರ್ಧಚಂದ್ರದಂಥ ಮೆತ್ತೆಗಳಿವೆ, ಡಾಕ್ಟರು ಮೆನಿಸ್ಕಸ್ ಅನ್ನುತ್ತಾರೆ. ಮೂಳೆಯ ತುದಿಗೆ ನುಣುಪಾದ ಬಿಳಿ ಹೊದಿಕೆ ಇದೆ, ಅದು ಕಾರ್ಟಿಲೇಜ್. ಈ ಹೊದಿಕೆಗೆ ರಕ್ತನಾಳ ಇಲ್ಲ, ನರವೂ ಇಲ್ಲ. ಕೀಲಿನೊಳಗಿನ ದ್ರವವೇ ಅದಕ್ಕೆ ಊಟ. ಸ್ಪಂಜನ್ನು ಹಿಂಡಿ ಬಿಟ್ಟಂತೆ, ನಡೆದಾಗ ಹಿಂಡಿಕೊಂಡು ಬಿಟ್ಟಾಗ ಹೀರಿಕೊಳ್ಳುತ್ತದೆ. "ಸವೆದಿದೆ, ಓಡಾಡಬೇಡಿ" ಅನ್ನುವ ಮಾತು ಕೇಳಿದಾಗ ನನಗೆ ಬೇಜಾರಾಗುವುದು ಇದಕ್ಕೇ. ಓಡಾಟ ನಿಂತರೆ ಆ ಹೊದಿಕೆಗೆ ಊಟವೂ ನಿಲ್ಲುತ್ತದೆ.

ಹೊರಪಕ್ಕ, ಮಂಡಿಯಿಂದ ಸ್ವಲ್ಪ ಕೆಳಗೆ, ಗೋಲಿಯಂಥ ಗಂಟು ಮೂಳೆ ಇದೆ. ಅದರ ಕುತ್ತಿಗೆಯನ್ನು ಸುತ್ತಿಕೊಂಡು ಒಂದು ನರ ಚರ್ಮದ ಕೆಳಗೇ ಹಾದುಹೋಗುತ್ತದೆ. ಪಾದವನ್ನು ಮೇಲೆತ್ತುವ ನರ ಅದು. ಮಂಡಿಪಟ್ಟಿ ಅಥವಾ ಬ್ಯಾಂಡೇಜನ್ನು ಅದರ ಮೇಲೆ ಬಿಗಿಯಾಗಿ ಸುತ್ತಬೇಡಿ. ಗಂಟೆಗಟ್ಟಲೆ ಕುಕ್ಕರುಗಾಲಲ್ಲಿ ಕೂತು ಕಳೆ ಕೀಳುವವರಿಗೂ ಈ ನರ ಒತ್ತಿ ಪಾದ ಜೋಮು ಹಿಡಿಯುತ್ತದೆ. ಜೋಮು ಬಿಡದೆ ಪಾದ ಎತ್ತಲು ಕಷ್ಟವಾದರೆ ಕಾಯಬಾರದು, ತೋರಿಸಬೇಕು.

ಮಂಡಿಯ ಹಿಂದೆ ಎರಡು ಪಕ್ಕ ಹಗ್ಗದಂತೆ ಸಿಗುವುದು ತೊಡೆಯ ಹಿಂದಿನ ಸ್ನಾಯುಗಳ ಹುರಿ. ನಡುವಿನ ಗುಂಡಿಯಲ್ಲಿ ದೊಡ್ಡ ರಕ್ತನಾಳಗಳಿವೆ. ಅಲ್ಲಿ ಜೋರಾಗಿ ತಿಕ್ಕಿಸಿಕೊಳ್ಳಬೇಡಿ.

ಎರಡನೇ ಹೆಜ್ಜೆ: ನೋವನ್ನು ಒಂದೇ ಬೆರಳಲ್ಲಿ ತೋರಿಸಿ

"ಮಂಡಿ ಪೂರ್ತಿ ನೋವು" ಅನ್ನುವವರಿಗೆ ನಾನು ಒಂದೇ ಬೆರಳು ಇಟ್ಟು ತೋರಿಸಿ ಅನ್ನುತ್ತೇನೆ. ಬೆರಳು ಚಿಪ್ಪಿನ ಸುತ್ತ ತಿರುಗಿದರೆ, ಮೆಟ್ಟಿಲು ಇಳಿಯುವಾಗ ಮತ್ತು ತುಂಬ ಹೊತ್ತು ಕೂತು ಏಳುವಾಗ ಜಾಸ್ತಿಯಾದರೆ, ನೋವು ಚಿಪ್ಪು ಮತ್ತು ಕಾಲುವೆಯ ನಡುವಿನದು. ಇಳಿಜಾರಿನ ನೋವಿನಲ್ಲಿ ಇದೇ ಹೆಚ್ಚು. ಲೆಕ್ಕ ನೋಡಿ: ಸಮತಟ್ಟಾದ ನೆಲದಲ್ಲಿ ನಡೆಯುವಾಗ ಚಿಪ್ಪಿನ ಹಿಂದೆ ಬೀಳುವ ಒತ್ತಡ ನಿಮ್ಮ ತೂಕದ ಸುಮಾರು ಅರ್ಧದಷ್ಟು. ಮೆಟ್ಟಿಲಲ್ಲಿ ಸುಮಾರು 3 ಪಟ್ಟು. ಪೂರ್ತಿ ಕುಕ್ಕರುಗಾಲಲ್ಲಿ 7–8 ಪಟ್ಟು. 60 ಕಿಲೋ ತೂಕದವರಿಗೆ ಮೆಟ್ಟಿಲ ಪ್ರತಿ ಹೆಜ್ಜೆಗೂ 180 ಕಿಲೋ ಒತ್ತಡ ಅಂತಾಯಿತು.

ಬೆರಳು ಒಳಪಕ್ಕದ ಗೀರಿನ ಮೇಲೆ ನಿಂತರೆ ಮೆತ್ತೆಯದ್ದೋ ಸವೆತದ್ದೋ ಇರಬಹುದು. ಆ ಗೀರಿಗಿಂತ ಮೂರು ಬೆರಳು ಕೆಳಗೆ, ಒಳಪಕ್ಕದಲ್ಲೇ ನಿಂತರೆ? ಅಲ್ಲಿ ಮೂರು ಸ್ನಾಯುಗಳ ಹುರಿಗಳು ಬಾತುಕೋಳಿಯ ಪಾದದಂತೆ ಹರಡಿ ಮೂಳೆಗೆ ಅಂಟಿಕೊಂಡಿವೆ. ಅದರ ಕೆಳಗಿನ ಸಣ್ಣ ನೀರಿನ ಚೀಲ ಊದಿದರೆ ಅಲ್ಲೇ ಚುಳುಕು. ಮಂಡಿ ಸವೆದ ಹೆಂಗಸರಲ್ಲಿ ಇದು ಬಹಳ ಸಾಮಾನ್ಯ. ಸವೆತದ್ದೇ ನೋವು ಅಂತ ವರ್ಷಗಟ್ಟಲೆ ತಡೆದುಕೊಂಡವರನ್ನು ನೋಡಿದ್ದೇನೆ. ಹೊರಪಕ್ಕದಲ್ಲಿ, ಇಳಿಯಲು ಶುರುಮಾಡಿ ಸ್ವಲ್ಪ ದೂರ ಆದ ಮೇಲೆ ಉರಿ ಹತ್ತಿದಂತಾದರೆ ಅದು ಸೊಂಟದಿಂದ ಬರುವ ಉದ್ದನೆಯ ಪಟ್ಟಿಯ ನೋವು.

ಮಂಡಿಯಲ್ಲಿ ಎಲ್ಲಿ ಒತ್ತಿದರೂ ನೋವೇ ಸಿಗದಿದ್ದರೆ ಸೊಂಟದ ಕೀಲನ್ನು ನೋಡಬೇಕು. ಸೊಂಟದ ಕೀಲಿನ ನೋವು ಮಂಡಿಯಲ್ಲಿ ಕಾಣಿಸಿಕೊಳ್ಳುವುದುಂಟು. ಮಕ್ಕಳಲ್ಲಿ ಇದನ್ನು ಯಾವತ್ತೂ ಮರೆಯಬಾರದು.

ಮಂಡಿ ಲಟಕ್ ಅನ್ನುತ್ತದೆ ಅಂತ ಹೆದರುವವರು ಜಾಸ್ತಿ. ನೋವು, ಊತ ಇಲ್ಲದೆ ಬರೀ ಶಬ್ದ ಬಂದರೆ ಚಿಂತೆ ಬೇಡ.

ಮೂರನೇ ಹೆಜ್ಜೆ: ಮೊದಲು ಡಾಕ್ಟರ ಹತ್ತಿರ ಹೋಗಬೇಕಾದವರು

ಬಿದ್ದು ಪೆಟ್ಟಾಗಿ ನಾಲ್ಕು ಹೆಜ್ಜೆಯೂ ಊರಲಾಗದವರು. ಮಂಡಿ ಕೆಂಪಾಗಿ, ಬಿಸಿಯಾಗಿ ಊದಿ ಜ್ವರ ಇರುವವರು. ಮಂಡಿ ಅರ್ಧಕ್ಕೆ ಸಿಕ್ಕಿಹಾಕಿಕೊಂಡು ಬಿಡಿಸಲಾಗದವರು. ಒಂದೇ ಕಾಲಿನ ಮೀನಖಂಡ ಊದಿ, ಬಿಸಿಯಾಗಿ, ಒತ್ತಿದರೆ ನೋಯುವವರು. ಅಲ್ಲಿ ರಕ್ತ ಹೆಪ್ಪುಗಟ್ಟಿರಬಹುದು, ಆ ಕಾಲನ್ನು ಯಾರ ಕೈಲೂ ತಿಕ್ಕಿಸಬಾರದು. ರಾತ್ರಿ ಮಲಗಿದಾಗಲೂ ನೋವು ಬಿಡದವರು. ಇವರೆಲ್ಲ ವ್ಯಾಯಾಮ ಮುಟ್ಟುವ ಮೊದಲು ತೋರಿಸಿಕೊಳ್ಳಿ. ಹೃದಯದ ತೊಂದರೆ, ಬಿಪಿ ಇರುವವರು ಬೆಟ್ಟ ಹತ್ತಬಹುದೇ ಅಂತ ಅವರ ಡಾಕ್ಟರನ್ನೇ ಕೇಳಬೇಕು.

ನಾಲ್ಕನೇ ಹೆಜ್ಜೆ: ಅಳತೆ ಬರೆದಿಡಿ

ಟೈಲರ್ ಟೇಪ್ ತಗೊಳ್ಳಿ. ಚಿಪ್ಪಿನ ಮೇಲಂಚಿನಿಂದ 10 ಸೆಂಟಿಮೀಟರ್ ಮೇಲೆ ಪೆನ್ನಿನಲ್ಲಿ ಗುರುತು ಮಾಡಿ. ಅಲ್ಲಿ ಎರಡೂ ತೊಡೆಯ ಸುತ್ತಳತೆ ನೋಡಿ. ನೋವಿನ ಕಾಲು 2 ಸೆಂಟಿಮೀಟರ್ ಅಥವಾ ಜಾಸ್ತಿ ಸಣ್ಣಗಿದ್ದರೆ ಆ ತೊಡೆ ಸೊರಗಿದೆ ಅಂತ ಅರ್ಥ.

ಆಮೇಲೆ ಕೈಯಿಲ್ಲದ ಕುರ್ಚಿಯಲ್ಲಿ ಕೂತು, ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು, 30 ಸೆಕೆಂಡಿನಲ್ಲಿ ಎಷ್ಟು ಸಲ ಎದ್ದು ಕೂರುತ್ತೀರಿ ಎಣಿಸಿ. ಕುರ್ಚಿ ಗೋಡೆಗೆ ಒತ್ತಿರಲಿ. 60ರಿಂದ 64 ವಯಸ್ಸಿನ ಹೆಂಗಸರಿಗೆ 12ಕ್ಕಿಂತ, ಗಂಡಸರಿಗೆ 14ಕ್ಕಿಂತ ಕಡಿಮೆ ಬಂದರೆ ಕಾಲಿನ ಬಲ ಕಡಿಮೆ ಇದೆ. ಆ ಸಂಖ್ಯೆಯನ್ನು ಕ್ಯಾಲೆಂಡರಿನಲ್ಲಿ ಬರೆದಿಡಿ. ಎಂಟು ವಾರ ಕಳೆದ ಮೇಲೆ ಮತ್ತೆ ಎಣಿಸುತ್ತೀರಿ.

ನಮ್ಮ ದೊಡ್ಡಮ್ಮ ಮೊದಲ ಸಲ ಎಣಿಸಿದಾಗ 6 ಬಂದಿತ್ತು. ಎಕ್ಸ್‌ರೇ ನೋಡಿದ ಒಂದು ಕಡೆ "ಸವೆದಿದೆ, ಮೆಟ್ಟಿಲು ಹತ್ತಲೇಬೇಡಿ" ಅಂದಿದ್ದರಂತೆ. ಎರಡು ವರ್ಷ ಅವರು ಜಗಲಿ ಬಿಟ್ಟು ಇಳಿದಿರಲಿಲ್ಲ. ತೊಡೆ ಸೊರಗಿ ಕಡ್ಡಿಯಾಗಿತ್ತು. ಎಕ್ಸ್‌ರೇಯಲ್ಲಿ ಸವೆತ ಕಂಡರೂ ನೋವಿಲ್ಲದೆ ಓಡಾಡುವವರು ಎಷ್ಟೋ ಜನ ಇದ್ದಾರೆ. ದೊಡ್ಡಮ್ಮನಿಗೆ ಸವೆತಕ್ಕಿಂತ ಸುಮ್ನೆ ಕೂತದ್ದೇ ಜಾಸ್ತಿ ಪೆಟ್ಟು ಕೊಟ್ಟಿತ್ತು.

ಐದನೇ ಹೆಜ್ಜೆ: ಎಂಟು ವಾರದ ಕೆಲಸ

ಮೊದಲ ಎರಡು ವಾರ ದಿನಾ ಮಾಡಿ. ಕಾಲು ನೀಡಿ ಕೂತು ಮಂಡಿಯ ಕೆಳಗೆ ಸುರುಳಿ ಸುತ್ತಿದ ಟವೆಲ್ ಇಡಿ. ಟವೆಲನ್ನು ಮಂಡಿಯಿಂದ ಕೆಳಗೆ ಒತ್ತಿ, ಐದು ಎಣಿಸಿ, ಬಿಡಿ. 10–15 ಸಲ. ಒತ್ತುವಾಗ ಚಿಪ್ಪಿನ ಒಳಪಕ್ಕ, ಸ್ವಲ್ಪ ಮೇಲೆ ಬೆರಳಿಡಿ. ಅಲ್ಲಿ ನೀರಹನಿಯ ಆಕಾರದ ಸ್ನಾಯು ಗಟ್ಟಿಯಾಗಬೇಕು. ಗಟ್ಟಿಯಾಗದಿದ್ದರೆ ಬೆರಳಿಂದ ತಟ್ಟುತ್ತಾ ಮತ್ತೆ ಪ್ರಯತ್ನಿಸಿ.

ಆಮೇಲೆ ಮಲಗಿ. ಒಂದು ಮಂಡಿ ಮಡಚಿಟ್ಟು, ಇನ್ನೊಂದು ಕಾಲನ್ನು ನೇರವಾಗಿಯೇ ಒಂದಡಿ ಎತ್ತಿ, ಐದು ಎಣಿಸುತ್ತಾ ಇಳಿಸಿ. ಎತ್ತುವುದಕ್ಕಿಂತ ಇಳಿಸುವುದರ ಮೇಲೆ ಗಮನ ಇರಲಿ. 10 ಸಲ, ಎರಡು ಸುತ್ತು. ಉಸಿರು ಹಿಡಿಯಬೇಡಿ. ಆಮೇಲೆ ಪಕ್ಕಕ್ಕೆ ಮಲಗಿ ಮೇಲಿನ ಕಾಲನ್ನು ಸ್ವಲ್ಪ ಹಿಂದಕ್ಕೆ ಇಟ್ಟು ಎತ್ತಿ ಇಳಿಸಿ, ಅಷ್ಟೇ ಸಲ. ಇದು ಪಿರ್ರೆಯ ಪಕ್ಕದ ಸ್ನಾಯುವಿಗೆ. ಅದು ಸೋತರೆ ಇಳಿಯುವಾಗ ಮಂಡಿ ಒಳಕ್ಕೆ ವಾಲುತ್ತದೆ, ಚಿಪ್ಪು ಕಾಲುವೆಯ ಹೊರಗೋಡೆಗೆ ಉಜ್ಜುತ್ತದೆ. ಅಡುಗೆಮನೆ ಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು 15 ಸಲ. ಹಾಲು ಉಕ್ಕುವುದನ್ನು ಕಾಯುವಾಗ ಮಾಡಿಬಿಡಿ.

ಮೂರರಿಂದ ಐದನೇ ವಾರ ದಿನ ಬಿಟ್ಟು ದಿನ. ಸ್ನಾಯು ಗಟ್ಟಿಯಾಗುವುದು ಬಿಡುವಿನ ದಿನದಲ್ಲಿ. ಕುರ್ಚಿಯಿಂದ ಒಂದು ಎಣಿಕೆಯಲ್ಲಿ ಏಳಿ, ನಾಲ್ಕು ಎಣಿಸುತ್ತಾ ಕೂರಿ. ಕೊನೆಯಲ್ಲಿ ದೊಪ್ಪನೆ ಕೂರಬೇಡಿ. 10 ಸಲ, ಮೂರು ಸುತ್ತು. ಕಷ್ಟವಾದರೆ ಕುರ್ಚಿ ಮೇಲೆ ದಪ್ಪ ದಿಂಬು ಹಾಕಿ ಎತ್ತರ ಮಾಡಿಕೊಳ್ಳಿ.

ಇದರ ಜೊತೆಗೆ, ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದ ವ್ಯಾಯಾಮ: ಮೆಟ್ಟಿಲು ಇಳಿಸುವುದು. ಅಲ್ಲಾಡದ, 7–8 ಸೆಂಟಿಮೀಟರ್ ಎತ್ತರದ ಹಲಗೆ ಸಾಕು. ನೋವಿನ ಕಾಲಿನ ಮೇಲೆ ಹಲಗೆಯ ಅಂಚಿಗೆ ನಿಲ್ಲಿ. ಗೋಡೆಗೆ ಒಂದು ಕೈ. ಇನ್ನೊಂದು ಕಾಲಿನ ಹಿಮ್ಮಡಿಯನ್ನು ಮುಂದಿನ ನೆಲಕ್ಕೆ ನಾಲ್ಕು ಎಣಿಸುತ್ತಾ ತಾಗಿಸಿ. ಭಾರ ಹಾಕಬೇಡಿ, ಮೊಟ್ಟೆ ಮೇಲೆ ಕಾಲಿಟ್ಟಂತೆ ತಾಗಿಸಿ ಮೇಲಕ್ಕೆ ಬನ್ನಿ. 8 ಸಲ, ಎರಡು ಸುತ್ತು, ಎರಡೂ ಕಾಲಿಗೆ. ಎದುರಿಗೆ ಕನ್ನಡಿ ಇರಲಿ. ಮಂಡಿ ಪಾದದ ಎರಡನೇ ಬೆರಳಿನ ನೇರಕ್ಕೆ ಮಡಚಬೇಕು, ಹೆಬ್ಬೆರಳನ್ನು ದಾಟಿ ಒಳಕ್ಕೆ ಬಗ್ಗಬಾರದು. ಬಗ್ಗಿದರೆ ಎತ್ತರ ಕಡಿಮೆ ಮಾಡಿ, ಸಂಖ್ಯೆಯ ಆಸೆ ಬೇಡ.

ಆರು, ಏಳನೇ ವಾರ ಇದನ್ನೇ ಮನೆಯ ಮೆಟ್ಟಿಲಿನಲ್ಲಿ ಮಾಡಿ. ಸಾಮಾನ್ಯವಾಗಿ ಒಂದು ಮೆಟ್ಟಿಲು 15 ಸೆಂಟಿಮೀಟರಿನಷ್ಟು ಇರುತ್ತದೆ. ವಾರಕ್ಕೆ ಎರಡು ಸಲ ನಿಜವಾದ ಇಳಿಜಾರಿಗೆ ಹೋಗಿ. ಚಿಕ್ಕಮಗಳೂರಲ್ಲಿದ್ದರೆ ರತ್ನಗಿರಿ ಬೋರೆ ಹತ್ತಿ ಇಳಿಯಿರಿ. ಮೊದಲ ದಿನ 15 ನಿಮಿಷ ಸಾಕು. ಬೆಟ್ಟಕ್ಕೆ ಬರಿಗಾಲಲ್ಲಿ ಹೋಗುವ ಹರಕೆ ಇದ್ದರೆ ಇಲ್ಲೂ ಸ್ವಲ್ಪ ದೂರ ಬರಿಗಾಲಲ್ಲಿ ನಡೆಯಿರಿ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಮ್ಮಿಯಾದವರು ಮಾತ್ರ ಬರಿಗಾಲು ಬೇಡ. ಗಾಯ ಆದರೂ ಗೊತ್ತಾಗುವುದಿಲ್ಲ. ದೇವಿಯನ್ನು ಕೆಳಗಿಂದಲೇ ಬೇಡಿಕೊಂಡರೆ ಆಗದೇ? ಎಂಟನೇ ವಾರ ಅರ್ಧಕ್ಕಿಳಿಸಿ, ಕೊನೆಯ ಮೂರು ದಿನ ಪೂರ್ತಿ ಬಿಡಿ.

ನೋವಿಗೆ ಒಂದು ಅಳತೆ ಇಟ್ಟುಕೊಳ್ಳಿ. ಸೊನ್ನೆ ಅಂದರೆ ಇಲ್ಲ, ಹತ್ತು ಅಂದರೆ ತಡೆಯಲಾಗದ್ದು. ಮಾಡುವಾಗ ಮೂರರವರೆಗೆ ಬಂದು, ಮರುದಿನ ಬೆಳಗ್ಗೆಯೊಳಗೆ ಹೋದರೆ ಮುಂದುವರಿಸಿ. ಬೆಳಗ್ಗೆಯೂ ಇದ್ದರೆ ಮುಂದಿನ ಸಲ ಅರ್ಧ ಮಾಡಿ. ತೂಕ ಜಾಸ್ತಿ ಇರುವವರು ಎಂಟು ವಾರದಲ್ಲಿ ಎರಡು ಕಿಲೋ ಇಳಿಸಿದರೂ ಲಾಭ. ಒಂದು ಕಿಲೋ ಇಳಿದರೆ ಮಂಡಿಗೆ ಪ್ರತಿ ಹೆಜ್ಜೆಯಲ್ಲೂ ಸುಮಾರು 4 ಕಿಲೋ ಭಾರ ತಪ್ಪುತ್ತದೆ. ಎಣ್ಣೆ ತಿಕ್ಕುವುದರಿಂದ ಹಾಯೆನಿಸುತ್ತದೆ, ತಿಕ್ಕಿಕೊಳ್ಳಿ. ಆದರೆ ಬಲ ಬರುವುದು ಕೆಲಸದಿಂದ ಮಾತ್ರ.

ಆರನೇ ಹೆಜ್ಜೆ: ಇಳಿಯುವ ದಿನ

ಚಾರ್ಮಾಡಿ ಘಾಟಿ ಇಳಿಯುವ ಬಸ್ಸಿನ ಡ್ರೈವರನ್ನು ಗಮನಿಸಿದ್ದೀರಾ? ಚಿಕ್ಕ ಗೇರಿನಲ್ಲೇ ಇಳಿಸುತ್ತಾರೆ, ಬ್ರೇಕನ್ನು ಒತ್ತಿ ಹಿಡಿದು ಬಿಸಿ ಮಾಡುವುದಿಲ್ಲ. ನಿಮ್ಮ ಚಿಕ್ಕ ಗೇರು ಅಂದರೆ ಚಿಕ್ಕ ಹೆಜ್ಜೆ. ಮಂಡಿಯನ್ನು ಬಿರುಸಾಗಿ ನೇರ ಇಡದೆ ತುಸು ಬಗ್ಗಿಸಿಟ್ಟು, ದಾರಿ ಅಗಲ ಇದ್ದ ಕಡೆ ಓರೆಯಾಗಿ ಆ ಕಡೆ ಈ ಕಡೆ ಸಾಗುತ್ತಾ ಇಳಿಯಿರಿ. ಹಿಂದಿನವರು ಅವಸರ ಮಾಡಿದರೆ ಪಕ್ಕಕ್ಕೆ ಸರಿದು ಬಿಡಿ. ಮಳೆ ಬಿದ್ದ ಮಣ್ಣಿನಲ್ಲಿ ಓಡುವವರ ಹಿಂದೆ ಓಡಬೇಡಿ.

ಒಂದು ಕಾಲು ಮಾತ್ರ ನೋಯುತ್ತಿದ್ದರೆ ಕೋಲನ್ನು ನೋವಿಲ್ಲದ ಕಡೆಯ ಕೈಯಲ್ಲಿ ಹಿಡಿಯಿರಿ. ಎತ್ತರದ ಮೆಟ್ಟಿಲು ಬಂದಾಗ ಹತ್ತುವುದಕ್ಕೆ ಒಳ್ಳೆಯ ಕಾಲು ಮೊದಲು, ಇಳಿಯುವುದಕ್ಕೆ ನೋವಿನ ಕಾಲು ಮೊದಲು. ತಲೆಕೆಳಗಾದಂತೆ ಅನ್ನಿಸಬಹುದು. ಆದರೆ ಇಳಿಯುವಾಗ ಭಾರ ತಡೆಯುವುದು ಮೇಲೆ ಉಳಿದ ಕಾಲು. ಆ ಕೆಲಸ ಗಟ್ಟಿ ಕಾಲಿಗೇ ಇರಲಿ.

ವಿಂಧ್ಯಗಿರಿಯಲ್ಲಿ ಬಂಡೆಯಲ್ಲೇ ಕಡಿದ ಮೆಟ್ಟಿಲು 600ಕ್ಕೂ ಹೆಚ್ಚಿವೆ, ಬರಿಗಾಲಲ್ಲೇ ಹೋಗಬೇಕು. ಬಿಸಿಲು ಏರಿದರೆ ಬಂಡೆ ಸುಡುತ್ತದೆ. ಅಂಗಾಲು ಸುಡುವಾಗ ಯಾರೂ ನಿಧಾನಕ್ಕೆ ಇಳಿಯುವುದಿಲ್ಲ, ಬೇಗ ಬೇಗ ಹೆಜ್ಜೆ ಹಾಕಿ ಮಂಡಿಗೆ ಪೆಟ್ಟು ಮಾಡಿಕೊಳ್ಳುತ್ತಾರೆ. ಬೆಳಗ್ಗೆ ಬೇಗ ಹೋಗಿ, ಬಿಸಿಲಿಗೆ ಮೊದಲು ಇಳಿದುಬಿಡಿ. ಅಲ್ಲಿ ಡೋಲಿ ಸಿಗುತ್ತದೆ. ಮಂಡಿ ತೀರಾ ಹಾಳಾದವರು ಸಂಕೋಚ ಬಿಟ್ಟು ಡೋಲಿ ಹತ್ತಿ.

ದೊಡ್ಡಮ್ಮ ಎಂಟು ವಾರದ ಕೊನೆಗೆ 11 ಸಲ ಎದ್ದು ಕೂತರು. ಆ ವರ್ಷ ದೇವಿರಮ್ಮನ ಬೆಟ್ಟವನ್ನು ಅರ್ಧದವರೆಗೆ ಹತ್ತಿ, ಅಲ್ಲಿಂದಲೇ ಕೈ ಮುಗಿದು, ಕೋಲೂರಿ ತಾವೇ ಇಳಿದರು. ಅರ್ಧಕ್ಕೆ ತಿರುಗಿದ್ದು ಅವರದ್ದೇ ತೀರ್ಮಾನ. ಇಳಿಯಲು ಬೇಕಾದ ಬಲವನ್ನು ಉಳಿಸಿಕೊಂಡು ತಿರುಗಬೇಕು ಅಂತ ನಾನು ಹೇಳಿದ್ದನ್ನು ಮರೆತಿರಲಿಲ್ಲ.

ಇಳಿದ ಮೇಲೆ

ಮರುದಿನ, ಅದರ ಮರುದಿನ ತೊಡೆ ನೋಯುತ್ತದೆ. 24ರಿಂದ 72 ಗಂಟೆಯವರೆಗೆ ಅದು ಜಾಸ್ತಿಯಾಗಿ ಆಮೇಲೆ ತಾನಾಗೇ ಇಳಿಯುತ್ತದೆ. ಅದು ಸ್ನಾಯುವಿನ ನೋವು, ಮೆಲ್ಲಗೆ ಓಡಾಡಿದರೆ ಬೇಗ ಹೋಗುತ್ತದೆ.

ಮಂಡಿ ಊದಿದರೆ ಮಾತು ಬೇರೆ. ಕಾಲು ನೀಡಿ ಕೂತು ಚಿಪ್ಪಿನ ಎರಡು ಪಕ್ಕದ ತಗ್ಗು ನೋಡಿ. ಒಂದು ಕಾಲಿನಲ್ಲಿ ತಗ್ಗು ಮುಚ್ಚಿಹೋಗಿದ್ದರೆ ಒಳಗೆ ನೀರು ತುಂಬಿದೆ. ಸ್ವಲ್ಪವೇ ನೀರು ತುಂಬಿದರೂ ತೊಡೆಯ ಸ್ನಾಯು ಅರ್ಧ ಮುಷ್ಕರ ಹೂಡುತ್ತದೆ. ಅದಕ್ಕೇ ಊದಿದ ಮಂಡಿ ನಡುನಡುವೆ ಕುಸಿಯುವುದು. ಬಟ್ಟೆಯಲ್ಲಿ ಸುತ್ತಿದ ಐಸ್ 15 ನಿಮಿಷ, ದಿನಕ್ಕೆ ಮೂರು ಸಲ ಇಡಿ. ಕಾಲನ್ನು ದಿಂಬಿನ ಮೇಲೆ ಎತ್ತಿಡಿ. ಮೂರು ನಾಲ್ಕು ದಿನದಲ್ಲಿ ಊತ ಇಳಿಯದಿದ್ದರೆ ತೋರಿಸಿ. ಊತ ಇಳಿದ ಮೇಲೆ ಟವೆಲ್ ಒತ್ತುವುದರಿಂದ ಮತ್ತೆ ಶುರು ಮಾಡಿ.

ದೀಪಾವಳಿಯ ಬೆನ್ನಿಗೇ ಅರೇಬಿಕಾ ಕಾಫಿ ಕೊಯ್ಲು ಬರುತ್ತದೆ, ಆಮೇಲೆ ರೋಬಸ್ಟಾ. ತೋಟದಲ್ಲಿ ಕೆಲಸ ಮಾಡುವವರಿಗೆ ಇಳಿಜಾರು ಫೆಬ್ರವರಿವರೆಗೂ ಮುಗಿಯುವುದಿಲ್ಲ. ಅವರು ಕುರ್ಚಿಯ ವ್ಯಾಯಾಮ ಮತ್ತು ಮೆಟ್ಟಿಲು ಇಳಿಸುವುದನ್ನು ವಾರಕ್ಕೆ ಎರಡು ದಿನ ಬಿಡದೆ ಮಾಡಿ. ಹಣ್ಣಿನ ಚೀಲವನ್ನು ತುಂಬಿ ಒಂದೇ ಸಲ ಹೊತ್ತು ಇಳಿಯುವುದಕ್ಕಿಂತ ಅರ್ಧರ್ಧ ಮಾಡಿ ಎರಡು ಸಲ ಇಳಿಯಿರಿ. ಕೆಳಗೆ ಬಿದ್ದ ಹಣ್ಣು ಆರಿಸುವಾಗ ಕುಕ್ಕರುಗಾಲಿನ ಬದಲು ಗಿಡ್ಡ ಮಣೆ ಇಟ್ಟುಕೊಳ್ಳಿ, 15–20 ನಿಮಿಷಕ್ಕೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆಯಿರಿ. ತೋಟದ ಮಾಲೀಕರು ಇದನ್ನು ಓದುತ್ತಿದ್ದರೆ, ಆ ಮಣೆಗಳನ್ನು ಈಗಲೇ ಮಾಡಿಸಿಡಿ. ಕೊಯ್ಲು ಶುರುವಾದ ಮೇಲೆ ಬಡಗಿ ಸಿಗುವುದಿಲ್ಲ.